ನಡುರಾತ್ರಿಯ ಡಬ್ಬಿ

ಈ ಲೇಖನವನ್ನು ಬರೆಯುವ ಮೊದಲು ನಾನು ನನ್ನ ಹೆಂಡತಿಯ ಅಪ್ಪಣೆ ಪಡೆಯಬೇಕಾಯಿತು. ಏಕೆಂದರೆ ಇದರಲ್ಲಿ ಬರುವ ಡಬ್ಬಿ ಅವಳದು, ಅಡಿಗೆಮನೆ ಅವಳದು; 'ಮನೆಯಲ್ಲಿ ಇಲಿ ಹೆಚ್ಚಾಗಿವೆ' ಎಂದು ನಾಲ್ಕು ವರ್ಷ ನನ್ನ ಮಾನ ಕಾಪಾಡಿದವಳೂ ಅವಳೇ.

"ಬರೀರಿ. ಆದರ ಇಲಿ ಅಂತ ನಾ ಖರೇನ ನಂಬಿದ್ದೆ ಅಂತ ಮಾತ್ರ ಬರೀಬ್ಯಾಡ್ರಿ. ಇಲಿ ತಿಂದ ಮ್ಯಾಲ ಡಬ್ಬಿ ಮುಚ್ಚಳಾ ಹಾಕಿ ಹೋಗೂದಿಲ್ರಿ," ಎಂದಳು.

ಆದುದರಿಂದ ಆರಂಭದಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಇಲಿ ನಾನೇ.

ಹಸಿದು ಉಣ್ಣುವುದು ಒಂದು. ಹಬ್ಬದ ದಿನ ಆಗ್ರಹಕ್ಕೆ ಸೋತು ಎರಡು ಹೋಳಿಗೆ ಹೆಚ್ಚಿಗೆ ತಿನ್ನುವುದು ಇನ್ನೊಂದು. ನಾನು ಹೇಳಹೊರಟದ್ದು ಇವೆರಡನ್ನೂ ಅಲ್ಲ. ಹೊಟ್ಟೆ ತುಂಬಿದೆ, ಮನೆಯವರೆಲ್ಲ ಮಲಗಿದ್ದಾರೆ, ಬೇಡವೆಂದು ಮನಸ್ಸು ಹೇಳುತ್ತಲೇ ಇದೆ. ಆದರೂ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಒಂದು ಮುಷ್ಟಿ ಚೂಡಾ, ಮತ್ತೊಂದು ಮುಷ್ಟಿ, ಆಮೇಲೆ ಗಾಠಿಯಾ, ಆಮೇಲೆ ಬೆಲ್ಲದ ತುಣುಕು, ಆಮೇಲೆ ತಣ್ಣಗಾದ ಅನ್ನ. ರುಚಿ ಎಂಬುದು ಎರಡನೆಯ ಮುಷ್ಟಿಗೇ ಮುಗಿದಿರುತ್ತದೆ. ಡಬ್ಬಿಯ ತಳ ಕಂಡ ಮೇಲೆ ಕೈ ನಿಲ್ಲುತ್ತದೆ, ಮುಚ್ಚಳ ಸದ್ದಾಗದಂತೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಮುಖ ತೊಳೆಯುವಾಗ ಕನ್ನಡಿ ನೋಡಲು ನಾಚಿಕೆ. ಇದನ್ನು ಚಟವೆನ್ನಬೇಕೋ ರೋಗವೆನ್ನಬೇಕೋ ಬಹಳ ಕಾಲ ನನಗೆ ತಿಳಿಯಲಿಲ್ಲ. ನನ್ನಂಥವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆಂಬ ಅನುಮಾನದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಗುಮಾಸ್ತನಾಗಿ ನಾನು ಮೊದಲು ಬಂದಿಳಿದದ್ದು 2012ರಲ್ಲಿ, ಸುರತ್ತಿಗೆ. 'ಸುರತ್ ನು ಜಮಣ್, ಕಾಶೀ ನು ಮರಣ್' ಎಂದು ಗುಜರಾತಿಗರ ಗಾದೆ. ಉಂಡರೆ ಸುರತ್ತಿನಲ್ಲಿ ಉಣ್ಣಬೇಕು, ಸತ್ತರೆ ಕಾಶಿಯಲ್ಲಿ ಸಾಯಬೇಕು. ಧಾರವಾಡ ಸೀಮೆಯ ಹಳ್ಳಿಯಿಂದ ಬಂದ ಇಪ್ಪತ್ತೈದರೊಳಗಿನ ಹುಡುಗನಿಗೆ ಗಾದೆಯ ಮೊದಲ ಅರ್ಧ ಬಲು ಹಿಡಿಸಿತು. ಬೆಳಿಗ್ಗೆ ಲೋಚೊ, ಸಂಜೆ ಖಮಣ, ಚಳಿಗಾಲದಲ್ಲಿ ಉಂಧಿಯು. ಆಫೀಸಿನಲ್ಲಿ ಹಿಂದಿ, ಬೀದಿಯಲ್ಲಿ ಗುಜರಾತಿ. ಕನ್ನಡ ಆಡಬೇಕೆಂದರೆ ಕೋಣೆಯ ಗೋಡೆಯ ಜೊತೆ.

ಆ ವರ್ಷದ ಚಳಿಗಾಲದಲ್ಲಿ ತಾಪಿ ನದಿಯ ದಂಡೆಯ ಕಡೆ ಅಡ್ಡಾಡುತ್ತಿದ್ದಾಗ ಸಾಲಾಗಿ ಅಂಗಡಿಗಳನ್ನು ಕಂಡೆ. ಹಸಿರು ಕಾಳು, ಅದರ ಜೊತೆಗೆ ನಿಂಬೆ-ಮೆಣಸಿನ ಸೇವು. 'ಪೋಂಕ್' ಎಂದರು. ಬಾಯಿಗೆ ಹಾಕಿಕೊಂಡೆ, ಅದು ಸೀತನಿ! ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಹೊಲದ ಬದುವಿನ ಮೇಲೆ ಕುಳಿತು ತಿನ್ನುವ ನಮ್ಮ ಸೀತನಿ. ಕಾಲು ಕಿಲೋ ಕೊಂಡು ಅಲ್ಲಿಯೇ ತಿಂದೆ. ಮತ್ತೆ ಕಾಲು ಕಿಲೋ ಕೊಂಡೆ. ಮೂರನೆಯ ಸಲವೂ ಕೊಂಡೆ. ಮೊದಲನೆಯದು ನಾಲಿಗೆಗೆ, ಎರಡನೆಯದು ಊರ ನೆನಪಿಗೆ ಎಂದುಕೊಳ್ಳೋಣ. ಮೂರನೆಯದು ಯಾತಕ್ಕೆಂದು ನನಗೇ ತಿಳಿಯಲಿಲ್ಲ. ಆ ರಾತ್ರಿ ಅವ್ವನ ಫೋನು ಬಂತು. "ಊಟ ಆತೇನಪಾ?" ಎಂದಳು. "ಆತವಾ," ಎಂದೆ. ಫೋನು ಇಟ್ಟ ಮೇಲೆ ಒಂದು ಪೊಟ್ಟಣ ಬಿಸ್ಕೀಟು ಬಿಚ್ಚಿದೆ. ನನಗೆ ನೆನಪಿರುವಂತೆ ಶುರುವಾದದ್ದು ಅಂದು.

2014ರಲ್ಲಿ ಮದುವೆಯಾಯಿತು. ಒಂಟಿತನದಿಂದ ಹುಟ್ಟಿದ ಚಾಳಿ ಸಂಸಾರದಿಂದ ಹೋಗಬೇಕಷ್ಟೆ? ಹೋಗಲಿಲ್ಲ, ಮೊದಲು ಬಹಿರಂಗವಾಗಿದ್ದದ್ದು ಈಗ ಗುಪ್ತವಾಯಿತು. ಮಗಳು ಹುಟ್ಟಿದಳು, ವಡೋದರಕ್ಕೆ ವರ್ಗವಾಯಿತು. ಆ ಊರಿನ ಸೇವ್ ಉಸಳ್ ಮತ್ತು ಲೀಲೊ ಚೇವಡೊ ಎಂಬ ಹಸಿ ಚೂಡಾದ ಸಹವಾಸದಲ್ಲಿ ತೂಕ 91 ಕಿಲೋ ಮುಟ್ಟಿತು. ಸುರತ್ತಿಗೆ ಬಂದಾಗ 68 ಇದ್ದೆ.

ಅಲ್ಲಿಂದ ಪಥ್ಯಗಳ ಕಾಂಡ. ನಮ್ಮ ಅಪ್ಪ ಬದುಕಿರುವವರೆಗೂ ಒಂದು ಮಾತು ಹೇಳುತ್ತಿದ್ದ: ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ. ನಾನು ಯೋಗಿಯಾಗಲು ಹೊರಟೆ. ಸೋಮವಾರದ ಒಪ್ಪತ್ತು ವಾರವೆಲ್ಲ ಹಬ್ಬಿತು. ಅದು ಸಾಗದೆ ನಿಂಬೆಹಣ್ಣಿನ ನೀರು, ಅದು ಬಿಟ್ಟು ಬರೀ ಹಣ್ಣು, ಅದೂ ಬಿಟ್ಟು ಹದಿನಾರು ಗಂಟೆಯ ಉಪವಾಸ. ಕೊನೆಗೆ ದುಡ್ಡು ಕೊಟ್ಟು ಬರೆಸಿಕೊಂಡ 1,200 ಕ್ಯಾಲರಿಯ ಚೀಟಿ. ಪ್ರತಿಯೊಂದೂ ಸೋಮವಾರ ಹುಟ್ಟಿ ಶುಕ್ರವಾರ ಸಾಯುತ್ತಿತ್ತು. ನಾಲ್ಕು ದಿನ ಎರಡು ಖಾಖರಾದ ಮೇಲೆ ಬದುಕಿದವನು ಐದನೆಯ ರಾತ್ರಿ ನಾಲ್ಕು ದಿನದ್ದನ್ನೂ ಬಡ್ಡಿಸಮೇತ ವಸೂಲು ಮಾಡುತ್ತಿದ್ದೆ. ಪ್ರತಿ ಸಲವೂ ಮೂರು ಕಿಲೋ ಇಳಿದು ನಾಲ್ಕು ಕಿಲೋ ಏರುವುದು. ಮನಸ್ಸು ಗಟ್ಟಿಯಿಲ್ಲ ಎಂದು ನನ್ನನ್ನೇ ಬೈದುಕೊಂಡು, ಶಿಕ್ಷೆಯಾಗಿ ಮುಂದಿನ ಸೋಮವಾರ ಇನ್ನೂ ಬಿಗಿಯಾದ ಪಥ್ಯ ಹಿಡಿಯುತ್ತಿದ್ದೆ. ಇಷ್ಟರ ಮೇಲೆ ಮನೆಯಲ್ಲೊಂದು ಕಾಯಿದೆ ಮಾಡಿದೆ: ಯಾರೂ ಸಿಹಿಯಾಗಲಿ ಖಾರದ್ದಾಗಲಿ ಮನೆಗೆ ತರತಕ್ಕದ್ದಲ್ಲ. ಸರಕಾರಿ ನೌಕರನಿಗೆ ಕಾಯಿದೆ ಮಾಡುವ ಅವಕಾಶ ಸಿಕ್ಕುವುದು ಮನೆಯಲ್ಲಿ ಮಾತ್ರ.

ಅಹಮದಾಬಾದಿಗೆ ಬಂದ ಮೇಲೆ, 2023ರ ದಸರೆ. ಆ ದಿನ ಫಾಫಡಾ-ಜಲೇಬಿ ತಿನ್ನದವನು ಈ ಊರಿನವನೇ ಅಲ್ಲ. ನಮ್ಮ ಸೊಸಾಯಿಟಿಯ ಅಂಗಳದಲ್ಲಿ ಮೇಜು ಹಾಕಿ, ಬಿಸಿಬಿಸಿ ತರಿಸಿ, ಎಲ್ಲರೂ ಕೂಡಿ ತಿನ್ನುವುದು ಪದ್ಧತಿ. ನಾನು ಕೈಕಟ್ಟಿ ನಿಂತೆ. ಪಕ್ಕದ ಮನೆಯ ಹಿರಿಯರು "ಥೋಡುಂಕ್ ತೊ ಲೋ ಭಾಯಿ," ಎಂದು ತಟ್ಟೆ ಹಿಡಿದುಕೊಂಡು ನನ್ನ ಹಿಂದೆ ಮುಂದೆ ತಿರುಗಿದರು. ಒಂದು ಎಳೆಯನ್ನೂ ಮುಟ್ಟಲಿಲ್ಲ. ಅಂದು ಇಡೀ ದಿನ ನನ್ನ ಬಗ್ಗೆ ನನಗೇ ಎಷ್ಟು ಹೆಮ್ಮೆಯಿತ್ತೆಂದು ವರ್ಣಿಸಲಾರೆ. ಅವರು ಪಾಪ, ಮಗುವಿಗೆಂದು ಒಂದು ಡಬ್ಬಿಯಲ್ಲಿ ಜಲೇಬಿ ಕಟ್ಟಿಕೊಟ್ಟಿದ್ದರು. ರಾತ್ರಿ ಹನ್ನೊಂದೂವರೆಗೆ ಆ ಡಬ್ಬಿ ಬರಿದಾಗಿತ್ತು.

ಇದಾದ ಒಂದು ವಾರಕ್ಕೆ ಹೆಂಡತಿ ಮಗಳ ಶಾಲೆಯ ಚೀಲ ಝಾಡಿಸುವಾಗ ಪುಸ್ತಕದ ಕೆಳಗೆ ಕಾಗದದ ಪೊಟ್ಟಣ ಸಿಕ್ಕಿತು. ಅರ್ಧ ತಿಂದ ಗಾಠಿಯಾ. ಮಗಳಿಗೆ ಆಗ ಏಳು ವರ್ಷ. ನಾನೇ ವಿಚಾರಣೆಗೆ ಕುಳಿತೆ.

"ಯಾಕವಾ, ಹಿಂಗ ಬಚ್ಚಿಟ್ಟಿ?"

"ಮನ್ಯಾಗ ತಿಂದ್ರ ನೀ ಬೈತಿ. ಅದಕ್ಕ ಎಲ್ಲಾರೂ ಮಲಗಿದ ಮ್ಯಾಲ ತಿಂತೀನಿ. ದೀಪಾ ಹಚ್ಚಲಾರದ. ನಿನ್ನಂಗ."

ಹೆಂಡತಿ ಒಳಗೆ ಹೋದಳು. ನಾನು ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಅಪ್ಪನಿಂದ ನನಗೆ ಬಂದದ್ದು ಗಾದೆ. ನನ್ನಿಂದ ಅವಳಿಗೆ ಬರುತ್ತಿದ್ದದ್ದು ಇದು.

ಆ ವಾರವೇ ಡಾಕ್ಟರರ ಹತ್ತಿರ ಹೋದೆ. ಹೆಸರು ಹೇಳುವುದು ಅವರಿಗೆ ಇಷ್ಟವಾಗಲಾರದು. ವಯಸ್ಸಾದ ಗುಜರಾತಿ ಹೆಣ್ಣುಮಗಳು, ಮಾತು ಕಡಿಮೆ. ಸಕ್ಕರೆ, ಥೈರಾಯ್ಡು ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಕಂಡ ಮೇಲೆ ಕೇಳಿದರು:

"ಇವತ್ತು ಬೆಳಿಗ್ಗೆ ಏನು ತಿಂದಿರಿ?"

"ಏನೂ ಇಲ್ಲ, ಬರೀ ಚಹಾ."

"ಮಧ್ಯಾಹ್ನ?"

"ಎರಡು ಖಾಖರಾ, ಸೌತೆಕಾಯಿ."

"ಹಾಗಾದರೆ ರಾತ್ರಿ ನಿಮ್ಮ ಅಡಿಗೆಮನೆಗೆ ಬರುವವನು ಕಳ್ಳನಲ್ಲ. ಬಾಕಿ ವಸೂಲಿಗೆ ಬಂದವನು. ಮೊದಲು ಅವನ ಬಾಕಿ ಕೊಡಿ. ಆಮೇಲೂ ಬಂದರೆ ವಿಚಾರಿಸೋಣ."

ಇಷ್ಟು ವರ್ಷ ಎಲ್ಲರೂ ನನಗೆ ಕಡಿಮೆ ತಿನ್ನು ಎಂದಿದ್ದರು. ಹೊತ್ತಿಗೆ ಸರಿಯಾಗಿ ತಿನ್ನು ಎಂದವರು ಇವರೊಬ್ಬರೇ. ನನಗೆ ನಂಬಿಕೆ ಬರಲಿಲ್ಲ. ಗುಮಾಸ್ತನಿಗೆ ಕಾಗದದ ಮೇಲೆ ಇರಬೇಕು. ಆದ್ದರಿಂದ ಕೆಲವು ದಿನ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ನನ್ನ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿತ್ತು. ಹಗಲು ತಿನ್ನದೆ ರಾತ್ರಿ ತಿನ್ನುವವರನ್ನು ಅಮೆರಿಕೆಯ ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರರು 1955ರಲ್ಲಿಯೇ ವರ್ಣಿಸಿದ್ದರು. ತಡೆಯಲಾರದೆ ಒಮ್ಮೆಲೇ ರಾಶಿ ತಿಂದು ಆಮೇಲೆ ಪರಿತಪಿಸುವವರ ಬಗೆಗೆ ಅದೇ ಸ್ಟಂಕಾರ್ಡರು 1959ರಲ್ಲಿ ಬರೆದರು. ಅಮೆರಿಕೆಯ ಮನೋವೈದ್ಯರ ಸಂಘದ ಕೈಪಿಡಿ ಇದನ್ನು ಸ್ವತಂತ್ರ ವ್ಯಾಧಿಯೆಂದು ಒಪ್ಪಿದ್ದು ಮಾತ್ರ 2013ರಲ್ಲಿ: ಮೂರು ತಿಂಗಳ ಕಾಲ ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತಿದ್ದರೆ, ಅದರಿಂದ ಮನಸ್ಸು ಕುದಿಯುತ್ತಿದ್ದರೆ, ಅದು ಬರಿಯ ಹೊಟ್ಟೆಬಾಕತನವಲ್ಲ. ಐವತ್ತು ವರ್ಷ ಮೀರಿ ಈ ಫೈಲು ಮೇಜಿನಿಂದ ಮೇಜಿಗೆ ಅಲೆದದ್ದನ್ನು ಕಂಡು ನಮ್ಮ ಆಫೀಸಿನ ಬಗೆಗೆ ನನಗೆ ಸ್ವಲ್ಪ ಸಮಾಧಾನವಾಯಿತು.

ಇದಕ್ಕಿಂತ ನನ್ನ ಕಣ್ಣು ತೆರೆಸಿದ್ದು ಮಿನೆಸೋಟಾದ ಪ್ರಯೋಗ. 1944ರ ಕೊನೆಗೆ, ಎರಡನೆಯ ಮಹಾಯುದ್ಧ ಇನ್ನೂ ನಡೆದಿರುವಾಗ, ಅಮೆರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ತರುಣರನ್ನು ಕೂಡಿಸಿದ. ಕೊಲ್ಲುವುದು ತಮ್ಮ ಧರ್ಮವಲ್ಲವೆಂದು ಯುದ್ಧಕ್ಕೆ ಹೋಗದವರು, ಬೇರೆ ರೀತಿಯಿಂದ ಲೋಕಕ್ಕೆ ಉಪಯೋಗವಾಗಲೆಂದು ತಾವಾಗಿ ಮುಂದೆ ಬಂದವರು. ಯುರೋಪಿನಲ್ಲಿ ಹಸಿದು ಬಳಲಿದ ಜನಕ್ಕೆ ಮರಳಿ ಹೇಗೆ ಅನ್ನ ಕೊಡಬೇಕೆಂಬುದನ್ನು ತಿಳಿಯುವುದು ಉದ್ದೇಶ. 24 ವಾರ ಅವರಿಗೆ ಅರೆಹೊಟ್ಟೆ. ದಿನಕ್ಕೆ ಸುಮಾರು 1,570 ಕ್ಯಾಲರಿ. ನನ್ನ ಚೀಟಿಯಲ್ಲಿ ಇದ್ದದ್ದು 1,200 ಎಂಬುದನ್ನು ಇಲ್ಲಿ ನೆನಪಿಸಬೇಕು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದು ನಿರೀಕ್ಷಿತವೇ. ನಿರೀಕ್ಷಿಸದೆ ಆದದ್ದು ಬೇರೆ. ಅಲ್ಲಿಯವರೆಗೆ ಊಟದ ಬಗ್ಗೆ ತಲೆ ಕೆಡಿಸಿಕೊಳ್ಳದಿದ್ದ ತರುಣರು ದಿನವೆಲ್ಲ ಅನ್ನದ ಮಾತೇ ಆಡತೊಡಗಿದರು; ಅಡಿಗೆಯ ಪುಸ್ತಕಗಳನ್ನು ಕಾದಂಬರಿಯಂತೆ ಓದಿದರು; ತಟ್ಟೆ ನೆಕ್ಕಿದರು. ಅವರಲ್ಲಿ ಕೆಲವರು ಕದ್ದು ತಿಂದು ಸಿಕ್ಕಿಬಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಇಂಗದೆಂದು ಹಲವರು ಹೇಳಿದರು. ಈ ವೃತ್ತಾಂತವೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಅಚ್ಚಾಗಿದೆ.

ಓದಿ ಮುಗಿಸಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಹುಡುಗರು ಯಾರೂ ಮನಸ್ಸು ಸಡಿಲಾದವರಲ್ಲ. ತತ್ವಕ್ಕಾಗಿ ಕಷ್ಟಪಡಲು ಸಿದ್ಧರಾಗಿ ಬಂದವರು. ಅರೆಹೊಟ್ಟೆ ಅವರನ್ನೂ ನನ್ನಂತೆಯೇ ಮಾಡಿತ್ತು.

1975ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಸ್ವಲ್ಪ ತಮಾಷೆಯದು. ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್ ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮು ಮುಂದಿಟ್ಟರು. ತೂಕದ ಚಿಂತೆಯಿಲ್ಲದವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಸದಾ ಪಥ್ಯದಲ್ಲಿ ಇರುವವರು ಮಿಲ್ಕ್ ಶೇಕ್ ಕುಡಿಯದಿದ್ದಾಗ ತಿಂದದ್ದಕ್ಕಿಂತ ಕುಡಿದ ಮೇಲೆ ಹೆಚ್ಚು ತಿಂದರು! ಹೇಗೂ ಪಥ್ಯ ಕೆಟ್ಟಿತು, ಇನ್ನೇನು ಎಂಬ ಲೆಕ್ಕ. ನೇಮ ಮುರಿದ ಕ್ಷಣವೇ ಕಟ್ಟೆ ಒಡೆಯುತ್ತದೆ. ನನ್ನ ಶುಕ್ರವಾರಗಳ ಗುಟ್ಟು ಇಷ್ಟೇ ಆಗಿತ್ತು.

ನಮ್ಮವರಿಗೆ ಇದು ತಿಳಿದಿರಲಿಲ್ಲವೆಂದಲ್ಲ. ಬೆಳಗಾವಿಯ ಕಡೆ 'ಏಕಾದಶಿ ದುಪ್ಪಟ್ ಖಾಶಿ' ಎಂಬ ಮರಾಠಿ ಮಾತನ್ನು ನಗುತ್ತ ಆಡುತ್ತಾರೆ. ಏಕಾದಶಿಯೆಂದರೆ ಎರಡರಷ್ಟು ತಿನ್ನುವ ದಿನ. ಗೀತೆಯ ಆರನೆಯ ಅಧ್ಯಾಯದಲ್ಲಿ ಅತಿಯಾಗಿ ತಿನ್ನುವವನಿಗೆ ಮಾತ್ರವಲ್ಲ, ಏನೂ ತಿನ್ನದವನಿಗೂ ಯೋಗವಿಲ್ಲವೆಂದು ಹೇಳಿದೆ. ನಮ್ಮಪ್ಪನ ಗಾದೆ ಅಷ್ಟು ದೂರ ಹೋಗಿರಲಿಲ್ಲ. ಇನ್ನು ಉಪವಾಸದ ವಿಷಯದಲ್ಲಿ ಗಾಂಧೀಜಿಯವರಿಗಿಂತ ದೊಡ್ಡ ಅನುಭವಿ ಯಾರು? 1915ರಲ್ಲಿ ಇದೇ ಅಹಮದಾಬಾದಿನ ಕೋಚರಬಿನಲ್ಲಿ ಆಶ್ರಮ ತೆರೆದ ವರ್ಷವೇ ಅವರು ದಿನಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚು ಮುಟ್ಟುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಹರಿದ್ವಾರದಲ್ಲಿ ವ್ರತ ತೊಟ್ಟವರು. ಅಂಥವರೂ ಇಲ್ಲಿಯ 'ನವಜೀವನ' ಪತ್ರಿಕೆಯಲ್ಲಿ 1925ರಿಂದ ಬರೆದ ಆತ್ಮಕಥೆಯಲ್ಲಿ ಒಂದು ಕಡೆ ಒಪ್ಪಿಕೊಂಡಿದ್ದಾರೆ: ಉಪವಾಸ ಮಾಡಿದ ಮೇಲೆ ಊಟ ಮೊದಲಿಗಿಂತ ಹೆಚ್ಚು ರುಚಿಸತೊಡಗಿತು, ಹಸಿವು ಚುರುಕಾಯಿತು, ಉಪವಾಸವೂ ಭೋಗದ ಸಾಧನವಾಗಬಲ್ಲದೆಂದು ತಮಗೆ ಹೊಳೆಯಿತು ಎಂದು. ಮನೆತನದ ವ್ರತಗಳನ್ನು ಶ್ರದ್ಧೆಯಿಂದ ನಡೆಸುವವರನ್ನು ನಾನು ಟೀಕಿಸುತ್ತಿಲ್ಲ. ನನ್ನ ಅವ್ವ ಐವತ್ತು ವರ್ಷದಿಂದ ಸೋಮವಾರ ಒಪ್ಪತ್ತು ಮಾಡುತ್ತಾಳೆ; ಒಮ್ಮೆಯೂ ರಾತ್ರಿ ಡಬ್ಬಿ ತೆರೆದವಳಲ್ಲ. ಅವಳದು ದೇವರಿಗಾಗಿ. ನನ್ನದು ಹಿಂದಿನ ರಾತ್ರಿಯ ತಪ್ಪಿಗೆ ದಂಡ ಕಟ್ಟುವ ಉಪವಾಸವಾಗಿತ್ತು.

ಡಾಕ್ಟರರು ಹೇಳಿದ ಕ್ರಮ ಅವರ ಸ್ವಂತದ್ದಲ್ಲ. ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಫೇರ್‌ಬರ್ನ್ ಎಂಬ ಮನೋವೈದ್ಯರು ಬೆಳೆಸಿದ ಚಿಕಿತ್ಸೆಯ ಮೊದಲ ಮೆಟ್ಟಿಲದು. 1995ರಲ್ಲಿ ಅವರು ಸಾಮಾನ್ಯರಿಗಾಗಿ ಪುಸ್ತಕವನ್ನೂ ಬರೆದರು. ಮೂರು ಊಟ, ನಡುವೆ ಎರಡೋ ಮೂರೋ ಸಣ್ಣ ಉಪಾಹಾರ. ಎಚ್ಚರವಿರುವಾಗ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಹೊಟ್ಟೆ ಖಾಲಿ ಬಿಡಬಾರದು. ಹಸಿವಿರಲಿ ಇಲ್ಲದಿರಲಿ ಹೊತ್ತಿಗೆ ತಿನ್ನಬೇಕು, ಏಕೆಂದರೆ ನನ್ನಂಥವನ ಹಸಿವಿನ ಗಡಿಯಾರ ಕೆಟ್ಟಿರುತ್ತದೆ. ಬ್ರಿಟನ್ನಿನ ಸರಕಾರಿ ವೈದ್ಯಕೀಯ ಮಾರ್ಗಸೂಚಿಯೂ 2017ರಲ್ಲಿ, ಈ ಚಿಕಿತ್ಸೆ ನಡೆದಿರುವಾಗ ತೂಕ ಇಳಿಸುವ ಪಥ್ಯ ಮಾಡಬೇಡಿ, ಅದು ಗೀಳನ್ನು ಕೆಣಕುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ.

ಮೊದಲ ವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಅಪರಾಧ ಮಾಡುತ್ತಿರುವಂತೆ ಅನಿಸುತ್ತಿತ್ತು. ಮಧ್ಯಾಹ್ನಕ್ಕೆ ಹೆಂಡತಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಆಫೀಸಿನ ಗೆಳೆಯರು "ಡಯಟ್ ಖತಮ್?" ಎಂದು ನಕ್ಕರು. ನಾಲ್ಕೂವರೆಗೆ ಚಹಾದ ಜೊತೆ ಹುರಿದ ಕಡಲೆ, ಇಲ್ಲವೆ ಒಂದು ಥೇಪ್ಲಾ. ರಾತ್ರಿ ಎಂಟೂವರೆಗೆ ಎಲ್ಲರ ಜೊತೆ ಊಟ. ಹತ್ತು ದಿನ ಕಳೆಯುವುದರೊಳಗೆ ಒಂದು ವಿಚಿತ್ರ ನಡೆಯಿತು. ರಾತ್ರಿ ಹನ್ನೊಂದಕ್ಕೆ ಎಚ್ಚರವಾಯಿತು, ಅಡಿಗೆಮನೆಗೆ ಹೋದೆ, ನೀರು ಕುಡಿದೆ, ಮರಳಿ ಬಂದು ಮಲಗಿದೆ. ಬೆಳಿಗ್ಗೆ ಇದು ನೆನಪಾದಾಗ ಹೆಂಡತಿಗೆ ಹೇಳಿದೆ. ಅವಳು ಡಬ್ಬಿ ಅಲ್ಲಾಡಿಸಿ ನೋಡಿ, "ಹೌದ್ರಿ," ಎಂದಳು.

ಮನೆಯ ಕಾಯಿದೆಯನ್ನು ರದ್ದು ಮಾಡಿದೆವು. ಇದಕ್ಕೆ ಹೆಂಡತಿ ಮೊದಲು ಹೆದರಿದಳು. ಮನೆ ತುಂಬ ಚೂಡಾ-ಚಕ್ಕುಲಿ ಇಟ್ಟುಕೊಂಡು ಕುಡುಕನನ್ನು ಸಾರಾಯಿ ಅಂಗಡಿಯಲ್ಲಿ ಕೂರಿಸಿದಂತಾದೀತೆಂದು. ಆದರೆ ಸಾರಾಯಿಯನ್ನು ಬಿಟ್ಟು ಬದುಕಬಹುದು. ಅನ್ನವನ್ನು ಬಿಟ್ಟು ಬದುಕಲಾಗದು, ಅದರ ಜೊತೆ ಒಗೆತನ ಮಾಡಲೇಬೇಕು. ಹೊಸ ನಿಯಮ ಒಂದೇ. ಏನನ್ನಾದರೂ ತಿನ್ನಬಹುದು, ಆದರೆ ತಟ್ಟೆಯಲ್ಲಿ ಹಾಕಿಕೊಂಡು, ಕುಳಿತು, ದೀಪ ಹಚ್ಚಿ. ಮೊಬೈಲು ಕೈಯಲ್ಲಿ ಬೇಡ. ರಾತ್ರಿ ಹನ್ನೆರಡಕ್ಕೆ ತಿನ್ನಬೇಕೆನಿಸಿದರೂ ಹೀಗೆಯೇ. ನಾನು ಎರಡು ಮೂರು ಸಲ ನಡುರಾತ್ರಿ ದೀಪ ಹಚ್ಚಿ, ತಟ್ಟೆ ಹಾಕಿಕೊಂಡು, ಅತಿಥಿಯಂತೆ ಕುಳಿತು ಚೂಡಾ ತಿಂದೆ. ಒಮ್ಮೆ ಮಗಳು ಎದ್ದು ಬಂದು ತನಗೂ ಎಂದಳು. ಅವಳಿಗೂ ಒಂದು ತಟ್ಟೆ ಹಾಕಿದೆ. ಎರಡು ಮುಷ್ಟಿ ತಿಂದು, ಸಾಕೆಂದು ಎದ್ದು ಹೋದಳು. ಸಾಕೆಂಬ ಮಾತು ಮಕ್ಕಳಿಗೆ ಎಷ್ಟು ಸುಲಭ!

ಇನ್ನೊಂದು ಕೆಲಸವೆಂದರೆ ನೋಟುಪುಸ್ತಕ. ಕ್ಯಾಲರಿ ಬರೆಯುವುದಲ್ಲ. ಯಾವ ಹೊತ್ತು, ಎಲ್ಲಿ ಕುಳಿತು, ಏನು ತಿಂದೆ, ಅದಕ್ಕೆ ಮೊದಲು ಏನು ನಡೆಯಿತು. ದಾಖಲೆ ಇಡುವುದು ನನ್ನ ವೃತ್ತಿ, ಆದ್ದರಿಂದ ಇದು ಕಷ್ಟವಾಗಲಿಲ್ಲ. ಎರಡು ತಿಂಗಳ ಮೇಲೆ ಪುಟ ತಿರುವಿದಾಗ ಕೆಟ್ಟ ರಾತ್ರಿಗಳ ಹಿಂದೆ ಎರಡು ಬಗೆಯ ದಿನಗಳು ಕಂಡವು. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ತಪ್ಪಿದ ದಿನ, ಇದು ಗೊತ್ತಿದ್ದದ್ದೇ. ಎರಡನೆಯದು ನನ್ನನ್ನು ತಬ್ಬಿಬ್ಬು ಮಾಡಿತು. ಭಾನುವಾರ. ಭಾನುವಾರ ರಾತ್ರಿ ಒಂಬತ್ತಕ್ಕೆ ಅವ್ವನಿಗೆ ಫೋನು ಮಾಡುವ ರೂಢಿ. ಅಪ್ಪ ತೀರಿಕೊಂಡ ಮೇಲೆ ಅವಳು ಊರಲ್ಲಿ ಒಬ್ಬಳೇ. ಇಲ್ಲಿಗೆ ಬಾ ಎಂದರೆ ಬರುವುದಿಲ್ಲ. ಭಾಷೆ ಬಾರದು, ಅಂಗಳವಿಲ್ಲ, ಎಮ್ಮೆಯಿಲ್ಲ. "ಊಟ ಆತೇನಪಾ?" ಎಂದು ಕೇಳುತ್ತಾಳೆ. "ಆತವಾ, ನಿಂದು?" ಎಂದರೆ, "ಒಬ್ಬಾಕಿಗೆ ಏನ್ ಮಾಡೂದು, ಒಂದ್ ಭಕ್ರಿ ಇತ್ತು," ಎನ್ನುತ್ತಾಳೆ. ಫೋನು ಇಡುತ್ತೇನೆ. ಆ ಮೇಲಿನ ಕೆಲಸ ಡಬ್ಬಿಯದು.

ಹನ್ನೆರಡು ವರ್ಷದಿಂದ ನಾನು ತಿನ್ನುತ್ತಿದ್ದದ್ದು ಏನನ್ನು ಎಂದು ಅಂದು ಸ್ವಲ್ಪ ಗೊತ್ತಾಯಿತು. ಊರು ಬಿಟ್ಟು ಬಂದ ಯಾರಿಗಾದರೂ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವನನ್ನು ಇಲ್ಲಿಗೆ ತರಲಾಗಲಿಲ್ಲ, ನಾನು ಅಲ್ಲಿಗೆ ಹೋಗಲಾಗಲಿಲ್ಲ. ಫೋನಿನ ಹೊತ್ತನ್ನು ಮಾತ್ರ ಬದಲಾಯಿಸಿದೆ. ಈಗ ಎಂಟೂವರೆಗೆ, ತಟ್ಟೆ ಮುಂದಿಟ್ಟುಕೊಂಡು ಫೋನು ಹಚ್ಚುತ್ತೇವೆ. ನೆರೆಮನೆಯ ಹುಡುಗ ಅವ್ವನಿಗೆ ಮುಖ ಕಾಣುವ ಫೋನು ಕಲಿಸಿಕೊಟ್ಟಿದ್ದಾನೆ. ಅವಳೂ ತಟ್ಟೆ ತಂದುಕೊಂಡು ಕುಳಿತುಕೊಳ್ಳುತ್ತಾಳೆ. ಮೊಬೈಲು ಕೈಯಲ್ಲಿ ಬೇಡವೆಂಬ ನಿಯಮಕ್ಕೆ ಇದೊಂದು ಅಪವಾದ. "ನಿನ್ನ ತಾಟಿನ್ಯಾಗ ಏನೈತಿ, ತೋರ್ಸು," ಎಂದು ಮೊಮ್ಮಗಳನ್ನು ಕೇಳುತ್ತಾಳೆ. ಮೊಮ್ಮಗಳು ನೋಡುತ್ತಿರುವಾಗ ಬರೀ ಒಂದು ಭಕ್ರಿ ತೋರಿಸಲು ಅವಳಿಗೂ ಸಂಕೋಚವಾಗಿ ಪಲ್ಯವನ್ನೂ ಮಾಡತೊಡಗಿದ್ದಾಳೆ.

ಎಲ್ಲವೂ ಸರಾಗವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಆರು ತಿಂಗಳ ಮೇಲೆ ಇಲಾಖೆಯ ತರಬೇತಿಗೆಂದು ಮೂರು ದಿನ ವಡೋದರಕ್ಕೆ ಹೋಗಿದ್ದೆ. ಒಂಟಿ ಕೋಣೆ, ಎರಡನೆಯ ದಿನ ಎಲ್ಲರೆದುರು ಒಬ್ಬ ಮೇಲಧಿಕಾರಿಯಿಂದ ನಾಲ್ಕು ಮಾತು ಕೇಳಬೇಕಾಯಿತು. ರಾತ್ರಿ ಅರ್ಧ ಕಿಲೋ ಲೀಲೊ ಚೇವಡೊ ಪೊಟ್ಟಣದಿಂದಲೇ ಮುಗಿಯಿತು. ಬೆಳಿಗ್ಗೆ ಎದ್ದಾಗ ಹಳೆಯ ಧ್ವನಿ ಹೇಳಿತು: ಇಂದು ನಿರಾಹಾರ. ನಾನು ಕೆಳಗೆ ಹೋಗಿ ಎರಡು ಇಡ್ಲಿ, ಒಂದು ಚಹಾ ತೆಗೆದುಕೊಂಡೆ. ಹಸಿವಿರಲಿಲ್ಲ. ಎಷ್ಟೋ ಉಪವಾಸ ಮಾಡಿದವನು ನಾನು; ಆ ಎರಡು ಇಡ್ಲಿ ನುಂಗುವುದು ಅವೆಲ್ಲಕ್ಕಿಂತ ಕಠಿಣವಾಯಿತು. ಆದರೆ ಆ ರಾತ್ರಿ ಎರಡನೆಯ ಪೊಟ್ಟಣ ಬರಲಿಲ್ಲ.

ನನ್ನ ಕಥೆ ಹೇಳುತ್ತ ಹೆಣ್ಣುಮಕ್ಕಳನ್ನು ಮರೆತೆನೆಂದು ಹೆಂಡತಿಯ ಆಕ್ಷೇಪಣೆ. "ನೀವು ಕದ್ದು ತಿಂತಿದ್ರಿ. ನಾವು ಎಲ್ಲಾರಿಗೂ ಬಡಿಸಿ, ಮೂರು ಗಂಟೆಕ್ಕ, ಉಳಿದದ್ದು ಕೆಡಬಾರದು ಅಂತ ನಿಂತಕೊಂಡು ತಿಂತೀವಿ. ಅದನ್ನ ಯಾರೂ ರೋಗ ಅನ್ನೂದಿಲ್ಲ." ಮಾತು ಸತ್ಯ. ಬೆಳಿಗ್ಗೆಯಿಂದ ಬರೀ ಚಹಾದ ಮೇಲೆ ಇದ್ದು, ಮಧ್ಯಾಹ್ನ ಪಾತ್ರೆಗಳ ತಳವನ್ನು ಹೊಟ್ಟೆಗೆ ಸೇರಿಸಿ, ಆಮೇಲೆ 'ನಾ ಏನೂ ತಿನ್ನೂದಿಲ್ಲ, ಆದರೂ ದಪ್ಪ ಆಗೀನಿ' ಎನ್ನುವ ತಾಯಂದಿರು ನಮ್ಮ ಬಳಗದಲ್ಲಿ ಎಷ್ಟು ಜನ! ಈಗ ನಮ್ಮ ಮನೆಯಲ್ಲಿ ರಜೆಯ ದಿನ ಅವಳೂ ನಮ್ಮ ಜೊತೆಯೇ ತಾಟು ಹಾಕಿಕೊಳ್ಳುತ್ತಾಳೆ. ರೊಟ್ಟಿ ಬಿಸಿಯಾಗಿ ಇರುವುದಿಲ್ಲ, ಅಷ್ಟೇ ನಷ್ಟ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರು ಹೇಳಿದ ಪಥ್ಯವನ್ನು ನನ್ನ ಮಾತು ಕೇಳಿ ಬಿಡತಕ್ಕದ್ದಲ್ಲ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ವಾರಗಟ್ಟಲೆ ಅನ್ನ ಬಿಡುವುದು ಕಂಡುಬಂದರೆ, ವಿಶೇಷವಾಗಿ ಹರೆಯದ ಮ‌ಕ್ಕಳಲ್ಲಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಹಮದಾಬಾದಿನಲ್ಲಿ 1951ರಲ್ಲಿ ಸ್ಥಾಪನೆಯಾದ ಬಿ. ಎಂ. ಮಾನಸಿಕ ಆರೋಗ್ಯ ಸಂಸ್ಥೆಯಿದೆ. ವಡೋದರದ ಕಾರೇಲಿಬಾಗಿನಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆಯಿದೆ. ಎಲ್ಲಿಗೂ ಹೋಗಲು ಸಂಕೋಚವಾದರೆ 14416 ಎಂಬ ನಂಬರಿಗೆ ಫೋನು ಮಾಡಬಹುದು. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯಿದು. ಹಣ ಕೊಡಬೇಕಿಲ್ಲ, ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡುವವರಿರುತ್ತಾರೆ. ಇದರ ಸೂತ್ರ ಹಿಡಿದಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ತೂಕ ಎಷ್ಟು ಇಳಿಯಿತು ಎಂದು ಕೇಳುವವರಿದ್ದಾರೆ. ಎರಡು ವರ್ಷದಲ್ಲಿ ನಾಲ್ಕು ಕಿಲೋ ಇಳಿದು ಅಲ್ಲಿಯೇ ನಿಂತಿದೆ. ಡಾಕ್ಟರರು ತೂಕದ ಯಂತ್ರವನ್ನು ಮಂಚದ ಕೆಳಗೆ ಸರಿಸಿಬಿಡಿ ಎಂದಿದ್ದರು. ಸರಿಸಿದೆ, ಆಗಾಗ ಎಳೆದು ನೋಡುವುದನ್ನು ಪೂರ್ತಿ ಬಿಟ್ಟಿಲ್ಲ. ಪ್ಯಾಂಟು ಹಳೆಯವೇ. ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತೇನೆ.

ಹೋದ ಸಲ ಶರದ್ ಪೂರ್ಣಿಮೆಯ ಮರುದಿನ, ಚಾಂದನಿ ಪಡವಾಕ್ಕೆ, ಸುರತ್ತಿನ ಹಳೆಯ ಗೆಳೆಯನೊಬ್ಬ ಘಾರಿಯ ಡಬ್ಬಿ ಕಳಿಸಿದ್ದ. ಮಾವಾ ತುಂಬಿ, ಮೇಲೆ ತುಪ್ಪ ಮೆತ್ತಿದ ಗುಂಡನೆಯ ಸಿಹಿ; ಜೊತೆಗೆ ತಿನ್ನಲು ಭೂಸು. ಎಂಟು ಇದ್ದವು. ರಾತ್ರಿ ಊಟದ ಮೇಲೆ ನಾವು ಮೂವರೂ ಒಂದೊಂದು ತಿಂದೆವು, ನೆರೆಮನೆಯ ಹಿರಿಯರಿಗೆ ಎರಡು ಕೊಟ್ಟೆವು. ಮೂರು ಉಳಿದವು. ಡಬ್ಬಿ ಕಟ್ಟೆಯ ಮೇಲೆಯೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಡಿಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು. "ರೀ, ಇಲ್ಲಿ ಬರ್ರಿ! ಘಾರಿಗೆ ಇರುವಿ ಹತ್ಯಾವ! ಯಾರೂ ಫ್ರಿಜ್ಜಿನ್ಯಾಗ ಇಡಾಕ ಆಗಲಿಲ್ಲೇನು?"

ಹನ್ನೆರಡು ವರ್ಷದಲ್ಲಿ ನಮ್ಮ ಮನೆಯ ಸಿಹಿಗೆ ಇರುವೆ ಹತ್ತಿದ್ದು ಅದೇ ಮೊದಲು. ಅಷ್ಟು ಪುರಸೊತ್ತು ಅವಕ್ಕೆ ಹಿಂದೆ ಯಾರು ಕೊಟ್ಟಿದ್ದರು?